ನಾಲ್ಕನೆಯ ಮೂಲೆ ಬಿಚ್ಚಬೇಡ

ನೆಳಲೂರು
ಫೆಬ್ರವರಿ 30, 2204

ನನ್ನ ಮುತ್ತಜ್ಜಿಯ ಅಜ್ಜಿ ನೀಲವ್ವನಿಗೆ,

ತಾರೀಖು ನೋಡಿ ಮುದುಕನಿಗೆ ತಲೆ ಕೆಟ್ಟಿದೆ ಅನ್ನಬೇಡ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಕ್ಕೆ ‘ಬಿಡುದಿನ’ ಅನ್ನುತ್ತೇವೆ. ಆಗ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು, ತಿಳಿಯದ ಶಬ್ದ ಬಂದರೆ ಹೊಟ್ಟೆಗೆ ಹಾಕಿಕೊ. ಕಾಗದ ನಿನಗೆ ಹೇಗೆ ಮುಟ್ಟುತ್ತದೆ ಎಂದೂ ಕೇಳಬೇಡ. ಅಂಚೆಯ ಹುಡುಗಿ ಮುಟ್ಟುತ್ತದೆ ಅಂದಳು, ನಂಬಿದೆ. ವಂಶದಲ್ಲಿ ನೀನು ಹಿರಿಯಳು, ಆದರೆ ನಿನಗೀಗ ಇಪ್ಪತ್ತೆರಡು, ನನಗೆ ಎಪ್ಪತ್ತೆಂಟು. ಅರ್ಧ ನಮಸ್ಕಾರ, ಅರ್ಧ ಆಶೀರ್ವಾದ ತಗೊ.

ನಮ್ಮ ಊರು ನೆಲದ ಕೆಳಗಿದೆ. ಮೇಲೆ ಬಿಸಿಲು ಸುಡುತ್ತದೆ. ಒಳಗೆ ತಂಪುಗೋಡೆ, ಅಂದರೆ ಹೊಟ್ಟೆಯಲ್ಲಿ ನೀರು ಹರಿಯುವ ಗೋಡೆ. ವೈಶಾಖದಲ್ಲೂ ಹೊದೆಯಲು ಕೌದಿ ಬೇಕು. ಹಾಗಾಗಿ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು ನಮ್ಮಲ್ಲಿ ಗಂಡಸರಿಗೂ ಹುಚ್ಚು. ಮಧ್ಯಾಹ್ನ ಮೇಲೆ ಹೋಗುವಂತಿಲ್ಲ, ಒಬ್ಬರ ಮನೆಗೊಬ್ಬರು ಹೋಗಿ ಕೂರುತ್ತೇವೆ. ಕೌದಿಯ ಮೂರು ಮೂಲೆ ಮನೆಯವನದು. ನಾಲ್ಕನೆಯದು ‘ಬಂದವರ ಮೂಲೆ’. ಅಂದು ಬಂದವರೇ ಅದನ್ನು ಹೊಲಿಯಬೇಕು. ಹೇಗೇ ಹೊಲಿಯಲಿ, ಬಿಚ್ಚುವಂತಿಲ್ಲ.

ನಾನು ಬಿಚ್ಚಿದೆ.

ಹೋದ ವರ್ಷ ಸ್ಪರ್ಧೆ ಇತ್ತು. ಅಲ್ಲಿ ‘ಎಣಿಗಣ್ಣು’ ಎಂಬ ನಿಂಬೆಕಾಯಿ ಗಾತ್ರದ ಗಾಜು ಕೌದಿಯ ಮೇಲೆ ಹಾರಾಡಿ ಎಷ್ಟು ಹೊಲಿಗೆ ಸೊಟ್ಟ ಎಂದು ಒದರುತ್ತದೆ. ನಲವತ್ತು ವರ್ಷದಿಂದ ಮಗ್ಗುಲ ಮನೆಯಲ್ಲಿರುವ ಹಾಜರಾಬಿ ನನ್ನ ನಾಲ್ಕನೆಯ ಮೂಲೆ ಹೊಲಿದಿದ್ದಳು. ಕೋಳಿ ಕೆದರಿದ ತಿಪ್ಪೆ ನೋಡು, ಹಾಗಿತ್ತು. ಅವಳು ಹೋದ ಮೇಲೆ ಬಿಚ್ಚಿ ನೆಟ್ಟಗೆ ಹೊಲಿದೆ. ಮೊದಲ ಬಹುಮಾನ ಬಂತು. ಮರುದಿನ ಅವಳು ಮೂಲೆಯ ಮೇಲೆ ಬೆರಳಾಡಿಸಿ ಅಂದದ್ದು ಇಷ್ಟೇ: “ಹೊಲಿಗಿ ಬಿಚ್ಚಿದಿ, ಇರ್ಲಿ ಕಲ್ಲಣ್ಣ. ನಾ ಕುಂತು ನಕ್ಕ ಮಧ್ಯಾಹ್ನ ಹ್ಯಾಂಗ ಬಿಚ್ಚತಿ?”

ಆಮೇಲೆ ಬರಲಿಲ್ಲ. ನಾನೂ ಹಟಮಾರಿ, ಕರೆಯಲಿಲ್ಲ. ಆದರೆ ಸೂಜಿ ಹಿಡಿದರೆ ಶಾಲೆಯ ಬೆಂಚಿನ ಮೇಲೆ ಕೂತ ಹಾಗೆ ಆಗತೊಡಗಿತು. ಒಬ್ಬನೇ ಹೊಲಿಯುವುದು, ಒಬ್ಬನೇ ಬಿಚ್ಚುವುದು, ಗೋಡೆಯನ್ನು ಬೈಯುವುದು. ಎರಡು ತಿಂಗಳು ತಾಳಿದೆ.

ಕೊನೆಗೆ ನನ್ನ ಮೇಲೆಯೇ ಸಿಟ್ಟು ಬಂದು, ನಿನ್ನ ಕೌದಿ ಕೊಡವಿ ಹೊದೆಯಲು ಹೋದೆ. ಹೌದು, ನೀನು ಹೊಲಿದದ್ದು. ಐದು ತಲೆ ದಾಟಿ ನನ್ನಲ್ಲಿದೆ, ಜಾಳಾಗಿದೆ. ಮೂರು ಮೂಲೆ ಇರುವೆ ಸಾಲಿನಷ್ಟು ನೆಟ್ಟಗೆ. ನಾಲ್ಕನೆಯದರಲ್ಲಿ ಕೆಂಪು ದಾರ, ಅಡ್ಡಾದಿಡ್ಡಿ, ಬೇರೆ ಯಾರದೋ ಕೈ. ಯಾರೆಂದು ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ನಮ್ಮ ಪದ್ಧತಿ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಹೊಸ ಕೌದಿ ಹೆಗಲಿಗೆ ಹಾಕಿಕೊಂಡು ಹಾಜರಾಬಿಯ ಬಾಗಿಲಿಗೆ ಹೋದೆ. ತಪ್ಪಾಯಿತು ಅನ್ನುವ ಬದಲು ಖಾಲಿ ಮೂಲೆ ಮುಂದೆ ಹಿಡಿದೆ. ಅವಳು ನನ್ನನ್ನು ಬೇಕಂತಲೇ ಬಾಗಿಲಲ್ಲಿ ನಿಲ್ಲಿಸಿ, ಚಹಾ ಕುಡಿದು ಮುಗಿಸಿ, ನಂತರ ಸೂಜಿ ಕೇಳಿದಳು. ಮೊದಲಿಗಿಂತ ಸೊಟ್ಟಗೆ ಹೊಲಿದಳು. “ಈಗ ಬಿಚ್ಚು ನೋಡೂಣು” ಅಂದಳು. ಇಬ್ಬರೂ ಕೆಮ್ಮು ಬರುವವರೆಗೆ ನಕ್ಕೆವು. ಈ ವರ್ಷ ಎಣಿಗಣ್ಣು ಆ ಮೂಲೆಯ ಮೇಲೆ ನಿಂತು ಒದರಿದ್ದೇ ಒದರಿದ್ದು. ನನಗೆ ಹನ್ನೊಂದನೆಯ ಸ್ಥಾನ.

ನನ್ನ ಮೂರು ಮೂಲೆಗೆ ಈಗಲೂ ದಯೆ ತೋರಿಸುವುದಿಲ್ಲ. ನೆಟ್ಟಗಾಗದಿದ್ದರೆ ಹತ್ತು ಸಲ ಬಿಚ್ಚುತ್ತೇನೆ. ನೀನೂ ಹಾಗೇ ಮಾಡು, ಸೋಮಾರಿತನಕ್ಕೆ ಸಂತೋಷ ಎಂದು ಹೆಸರಿಡಬೇಡ.

ಆದರೆ ಕೌದಿಯ ಅಂಚಿನಲ್ಲಿ ನೀನು ಹೊಲಿದ ತಾರೀಖು ಹಿಡಿದು ಲೆಕ್ಕ ಹಾಕಿದರೆ, ನೀನು ಆ ಕೌದಿ ಹೊಲಿಯುತ್ತಿರುವುದು ಈ ವಾರವೇ ಇರಬೇಕು. ಯಾರೋ ಬಂದು ಕೆಂಪು ದಾರದಲ್ಲಿ ಮೂಲೆ ಕೆಡಿಸಿ ಹೋಗುತ್ತಾರೆ. ನಿನ್ನ ಕೈ ಕತ್ತರಿಯ ಕಡೆ ಹೋಗುತ್ತದೆ. ನಿನ್ನ ರಕ್ತವೇ ನನ್ನದು, ಗೊತ್ತು. ಕತ್ತರಿ ಕೆಳಗಿಡು, ಅವ್ವಾ. ಆ ಮೂಲೆ ನನಗೆ ಬೇಕಾಗುತ್ತದೆ.

ನಿನ್ನ
ಕಲ್ಲಪ್ಪ