ಪಿಂಚಣಿ ನಿಧಿಗೆ ಬಂದ ಒಳ್ಳೆಯ ಸುದ್ದಿ

ಅಕ್ಟೋಬರ್ 14, ಮಂಗಳವಾರ

ಸಭೆಯಲ್ಲಿ ಎಲ್ಲರೂ ನಿರಾಳವಾಗಿ ಬಿಟ್ಟ ಆ ಉಸಿರು ಇನ್ನೂ ಕಿವಿಯಲ್ಲಿದೆ.

ಇವತ್ತು ಅಗ್ನಿಶಾಮಕರ ಪಿಂಚಣಿ ಮಂಡಳಿ ಸೇರಿತ್ತು. ನಿವೃತ್ತರ ಪರವಾಗಿ ನಾನು ಕೂತಿದ್ದೆ. ನೂರು ಡಾಲರ್ ಇರಬೇಕಾದ ಕಡೆ ನಮ್ಮ ನಿಧಿಯಲ್ಲಿ ಇಪ್ಪತ್ತೂ ಇಲ್ಲ. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ನಗರಸಭೆ ತನ್ನ ಪಾಲು ಕಟ್ಟಿದ್ದೇ ಅಪರೂಪ. ಇದೇನು ಹೊಸದಲ್ಲ. ಆದರೆ ನಿಧಿಯ ಲೆಕ್ಕ ಹಾಕಲು ಶಿಕಾಗೊದಿಂದ ಬರುವ ಕಾರ್ಲೀನ್ ಇವತ್ತು ನಗುತ್ತಲೇ ಶುರು ಮಾಡಿದಳು.

"ಈ ಸಲ ಒಂದು ಒಳ್ಳೆ ಸುದ್ದಿ ಇದೆ. ನಿಮ್ಮ ನಿವೃತ್ತರು ನಾವು ಅಂದ್ಕೊಂಡಿದ್ದಕ್ಕಿಂತ ಬೇಗ ತೀರ್ಕೊಳ್ತಿದ್ದಾರೆ."

"ಸದ್ಯ, ಇದೊಂದಾದ್ರೂ ನಮ್ಮ ಕಡೆಗಿದೆಯಲ್ಲ," ಅಂದ ಖಜಾಂಚಿ ಡೆನ್ನಿಸ್. ಅಂದವನೇ ನನ್ನ ಮುಖ ನೋಡಿ ಕಾಫಿ ಲೋಟ ಎತ್ತಿಕೊಂಡ. ಥೂ! ಅವನನ್ನೇನು ಬೈಯುವುದು? ಉಸಿರು ಬಿಟ್ಟವರಲ್ಲಿ ನಾನೂ ಒಬ್ಬ.

ಹೊಗೆಯೊಳಗೆ ಉಸಿರಾಟದ ಮಾಸ್ಕ್ ಹಾಕಿಕೊಂಡವನನ್ನು ಪುಕ್ಕಲ ಎಂದು ಆಡಿಕೊಳ್ಳುತ್ತಿದ್ದ ಕಾಲ ನಮ್ಮದು. ಈಗ ಅದರ ಲಾಭ ನಿಧಿಗೆ.

ಮನೆಗೆ ಬಂದರೆ ಸ್ಟಾನೆಕ್‌ನ ಫೋನು. ಅವನೂ ನಾನೂ ಸರ್ವೀಸಿನುದ್ದಕ್ಕೂ ಒಂದೇ ಗಾಡಿಯಲ್ಲಿ ಬೆಂಕಿ ಆರಿಸಲು ಹೋದವರು. ಈಗ ಅವನ ಮೂಗಿಗೆ ಆಕ್ಸಿಜನ್ ಕೊಳವೆ.

"ಏನೋ ದೊಡ್ಮನುಷ್ಯ, ಸಭೇಲಿ ಬರೀ ಡೋನಟ್ ತಿಂದು ಎದ್ದು ಬಂದ್ಯಾ? ಏನಾದ್ರೂ ಒಳ್ಳೆ ಸುದ್ದಿ ಇದ್ಯಾ?"

"ಇದೆ ಕಣೋ," ಅಂದುಬಿಟ್ಟೆ.

"ಏನೋ ಅದು? ಹೇಳೋ."

ಅವನ ಯಂತ್ರ ಫೋನಿನಲ್ಲಿ ಬುಸುಗುಡುತ್ತಿತ್ತು. ನಾಳೆ ಬಂದು ಹೇಳ್ತೀನಿ ಅಂದೆ.

"ಬೇಗ ಬಾರೋ," ಅಂದ.