ಸೋದರತ್ತೆ ಹೇಳಬೇಕಿದ್ದ ಹೆಸರು

ಭಾಲ್ಕಿ
೧೭ ಮಾರ್ಚ್ ೧೯೫೭

ತಮ್ಮ ಮಡೆಪ್ಪನಿಗೆ,

ಅಕ್ಕ ಗುರಮ್ಮನ ತುಂಬು ಮನಸ್ಸಿನ ಹರಕೆ. ನಿನ್ನ ಕಾಗದಗಳಿಗೆ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ದಿನಾ ಬರೆಯಲು ಕೂರುತ್ತಿದ್ದೆ, ದಿನಾ ಏನೋ ಕೆಲಸ ನೆನಪು ಮಾಡಿಕೊಂಡು ಏಳುತ್ತಿದ್ದೆ. ಹೈದರಾಬಾದಿನಲ್ಲಿ ಕಲ್ಲು ಹೊತ್ತು ಭುಜ ಹುಣ್ಣಾಗಿದೆ ಎಂದು ಬರೆದಿದ್ದೀ. ಕೊಬ್ಬರಿ ಎಣ್ಣೆ ಹಚ್ಚಿಕೋ, ಹಟ ಮಾಡಬೇಡ. ನಿನ್ನ ಭಾವ ಆರಾಮಾಗಿದ್ದಾರೆ.

ನಮ್ಮ ತವರೂರು ಭಾತಂಬ್ರಾದಲ್ಲಿ ಬಾವಿಯ ತಳ ಕಾಣುತ್ತಿದೆ. ತೊಗರಿ ಹೂವಿನಲ್ಲೇ ಒಣಗಿತು. ನಿಮ್ಮ ಓಣಿಯಲ್ಲಿ ಈಗ ಬೀಗ ಬಿದ್ದ ಮನೆಗಳೇ ಹೆಚ್ಚು.

ನಿನಗೆ ಬೇಕಾದ ಸುದ್ದಿ ಅದಲ್ಲ, ಗೊತ್ತು. ಪ್ರತಿ ಕಾಗದದಲ್ಲೂ ಮಗಳ ಹೆಸರು ಕೇಳುತ್ತೀ. ಕನ್ನಡದ ರಾಜ್ಯ ಹುಟ್ಟಿದ ದಿನವೇ ಅವಳೂ ಹುಟ್ಟಿದಳೆಂದು ನೀನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಬಾವುಟ ಹಿಡಿದು ಬೀದರದವರೆಗೆ ನಡೆದವನಲ್ಲವೇ ನೀನು. ಊರು ಬಿಡುವಾಗ ಬಾಗಿಲಲ್ಲಿ ನಿಂತು ನನಗೂ ನಿನ್ನ ಹೆಂಡತಿ ಸುಂದರಬಾಯಿಗೂ ಹೇಳಿದ್ದು ನೆನಪಿದೆಯೇ? "ರಾಜ್ಯದ ಮೊದಲ ಮುಖ್ಯಮಂತ್ರಿ ನಮ್ಮ ಕಡಿ ಬಂದೇ ಬರ್ತಾರ. ಕೂಸಿನ್ನ ಅವರ ಕೈಯಾಗ ಕೊಟ್ಟು ಹೆಸರು ಇಡಸ್ರಿ. ಅಲ್ಲೀತನಕ ತೊಟ್ಟಿಲದಾಗ ಹಾಕಬ್ಯಾಡ್ರಿ."

ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನ್ನ ಹಕ್ಕನ್ನು ಕಾಣದ ಮಂತ್ರಿಗೆ ಬಿಟ್ಟುಕೊಡಬೇಕೇ ಎಂದು ಒಳಗೊಳಗೇ ಉರಿದೆ. ಆದರೆ ಎಷ್ಟೋ ದಿನಗಳ ಮೇಲೆ ನಿನ್ನ ಮುಖದಲ್ಲಿ ನಗು ಕಂಡಿತ್ತು, ಹೂಂ ಎಂದೆ. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಬರೀ ಕೂಸು.

ಹೋದ ತಿಂಗಳು ಸಂತೆಯಲ್ಲಿ ಬಳೆಗಾರ ಬದ್ರೋದ್ದೀನ, "ಸೋಮವಾರ ದೊಡ್ಡ ಸಾಹೇಬ್ರು ರೈಲಿಗಿ ಬರ್ತಾರಂತ್ರಿ," ಎಂದ. ಮುಖ್ಯಮಂತ್ರಿಗಳೇ ಎಂದುಕೊಂಡೆವು, ಯಾರು ಹೇಳಿದರೆಂದು ಯಾರೂ ಕೇಳಲಿಲ್ಲ. ನಮಗೆ ಬೇಕಾದ ಮಾತು ಕಿವಿಗೆ ಬಿದ್ದಿತ್ತು, ಅಷ್ಟೇ ಸಾಕಾಯಿತು. ಸುಂದರಬಾಯಿ ಕೂಸನ್ನು ಎತ್ತಿಕೊಂಡು ಭಾನುವಾರವೇ ನಮ್ಮ ಮನೆಗೆ ಬಂದಳು. ಅವಳಿಗೆ ಎದೆಹಾಲು ಬತ್ತಿತ್ತು, ಕೂಸಿನ ಮೈ ಬೆಚ್ಚಗಿತ್ತು. "ಇವತ್ತೊಂದಿನ ತಡಿಯವ್ವಾ, ನಾಳಿ ನಿನಗ ಹೆಸರು ಬರ್ತದ," ಎನ್ನುತ್ತ ತನ್ನ ಮದುವೆಯ ಕುಪ್ಪಸದ ಹೊಲಿಗೆ ಬಿಚ್ಚಿ ಕೂಸಿಗೊಂದು ಹಸಿರು ಕುಂಚಿಗೆ ಹೊಲಿದಳು.

ಮರುದಿನ ಸ್ಟೇಷನ್ನಿನಲ್ಲಿ ಹಾರ ಹಿಡಿದ ಜನವೋ ಜನ. ಮಧ್ಯಾಹ್ನದ ಗಾಡಿ ಬಂತು. ದೊಡ್ಡವರು ಯಾರೂ ಇಳಿಯಲಿಲ್ಲ. ಔರಾದ ಕಡೆಯಿಂದ ಗಂಟುಮೂಟೆ ಹೊತ್ತು ಬಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದರು. ಸ್ಟೇಷನ್ ಮಾಸ್ತರ ನಜಮೋದ್ದೀನ ಸಾಹೇಬರು ನಮ್ಮ ಹಾರಗಳನ್ನು ನೋಡಿ, "ಯಾರ ಸಲುವಾಗಿ ನಿಂತೀರಿ? ಯಾರೂ ಬರೋದಿಲ್ರಿ, ನಮಗ ಹಂಗ ಹುಕುಮ್ ಬಂದಿಲ್ಲ," ಎಂದರು. ಸುಂದರಬಾಯಿ ನಂಬಲಿಲ್ಲ. "ಮುಂದಿನ ಗಾಡಿಗಿ ಬರ್ತಾರ್ರಿ. ನಮ್ಮವರು ಹೇಳ್ಯಾರ," ಎಂದು ಆ ಬಿಸಿಲಲ್ಲಿ ಸಂಜೆಯ ಗಾಡಿಯವರೆಗೂ ಕದಲಲಿಲ್ಲ. ನಾನೂ ಅವಳ ಪಕ್ಕದಲ್ಲೇ ಕೂತಿದ್ದೆ.

ಆ ದೊಡ್ಡವರ ಮೇಲೆ ನನಗೆ ಸಿಟ್ಟಿಲ್ಲ. ನಾವು ಕಾಯುತ್ತಿದ್ದೇವೆಂದು ಅವರಿಗೆ ಹೇಗೆ ಗೊತ್ತಾಗಬೇಕು. ಬೀದರದ ಕಚೇರಿಯ ಮೇಲೆ ಈಗ ಕನ್ನಡದ ಬೋರ್ಡು ಬಂದಿದೆಯಂತೆ. ನೀನು ನೋಡಿದರೆ ಕಣ್ಣು ತುಂಬಿಕೊಳ್ಳುತ್ತೀ. ನನಗೆ ನೋಡುವ ಮನಸ್ಸಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಗುರಮ್ಮ

ತಾ.ಕ.: ಮೇಲೆ ಬರೆಯಲು ಕೈ ಏಳಲಿಲ್ಲ. ಕೂಸು ಇಲ್ಲ, ತಮ್ಮಾ. ಸ್ಟೇಷನ್ನಿನಿಂದ ಬಂದ ಮೇಲೆ ಜ್ವರ ಏರಿತು, ಬುಧವಾರ ನನ್ನ ತೊಡೆಯ ಮೇಲೇ ಹೋದಳು. ಮಣ್ಣಿಗೆ ಇಡುವ ಮುಂಚೆ ಒಂದು ಹೆಸರನ್ನಾದರೂ ಹೇಳಿ ಕಳಿಸೋಣವೆಂದು ಕಿವಿಯ ಹತ್ತಿರ ಬಗ್ಗಿದೆ. ಬಾಯಿಗೆ ಒಂದೂ ಬರಲಿಲ್ಲ. ನಮ್ಮ ಹೆಂಗಸರು ಹೋದವರ ಹೆಸರು ಹಿಡಿದು ಹಾಡಿಕೊಂಡು ಅಳುವುದು ನಿನಗೆ ಗೊತ್ತಲ್ಲ. ಸುಂದರಬಾಯಿ ಅಳಲು ಬಾಯಿ ತೆರೆಯುತ್ತಾಳೆ, ಏನೆಂದು ಕರೆಯಬೇಕೋ ತಿಳಿಯದೆ ಮುಚ್ಚಿಕೊಳ್ಳುತ್ತಾಳೆ. ಒಂದು ಹೆಸರು ಬರೆದು ಕಳಿಸು.