ಗೋರಿಗಲ್ಲಿನ ಪದ

ಗ್ವೀಡೋರ್
ನವೆಂಬರ್ ೯

ಪ್ರೀತಿಯ ಫಾಕ್ಟ್ನಾ,

ನಾಲ್ಕು ವರ್ಷದ ಮೇಲೆ ನನ್ನ ಕೈಬರಹ ಕಂಡು ಕಾಗದವನ್ನು ಒಲೆಗೆ ಹಾಕಬೇಡ. ಓದು, ಆಮೇಲೆ ಹಾಕು.

ನಿನ್ನೆ ಗಾಲ್ವೇಯ ಕಾಲೇಜೊಂದರಲ್ಲಿ ನನ್ನ ಕವನದ ಬಗ್ಗೆ ಭಾಷಣವಿತ್ತು. ಚರಣದಿಂದ ಚರಣಕ್ಕೆ ಒಂದೊಂದು ಸಾಲು ಕಡಿಮೆಯಾಗುತ್ತ ಕೊನೆಗೆ ಒಂದೇ ಪದ ಉಳಿಯುವುದು ಐರಿಶ್ ಕಾವ್ಯಕ್ಕೇ ಹೊಸ ಛಂದಸ್ಸು ಎಂದರು ಪ್ರಾಧ್ಯಾಪಕರು. ನಾನು ತಲೆಯಾಡಿಸಿದೆ. ಆ ಛಂದಸ್ಸು ಎಲ್ಲಿಯದೆಂದು ನಿನಗೆ ಗೊತ್ತು. ಡಬ್ಲಿನ್ನಿನ ಆಸ್ಪತ್ರೆಯಲ್ಲಿ, ಐದು ತುಂಬದ ನಮ್ಮ ಲೀಡನ್‌ಗೆ ಉಸಿರು ಸಾಲದೆ ದಿನದಿಂದ ದಿನಕ್ಕೆ ಮಾತು ಮೊಟಕಾಗುತ್ತಿತ್ತು. ನಾನು ಮಂಚದ ಪಕ್ಕ ಕೂತು ಬರೆದುಕೊಳ್ಳುತ್ತಿದ್ದೆ.

‘ಮಳೆಮನೆ’ ಎಂಬ ಇನ್ನೊಂದು ಕವನವನ್ನೂ ಹೊಗಳಿದರು. ಮಳೆಗೆ ನಾವು ಐರಿಶ್‌ನಲ್ಲಿ ಅನ್ನುವ ‘ಬಾಷ್ಟ್ಯಾಖ್’ನ ಬಾಲದಲ್ಲಿ ‘ಟ್ಯಾಖ್’, ಅಂದರೆ ಮನೆ, ಅಡಗಿದೆಯೆಂದು ಕಂಡುಹಿಡಿದವಳು ಅವಳೇ. “ಮಳೇಲಿ ಒಂದು ಮನೆ ಇದೆ ಅಮ್ಮಾ, ಅಲ್ಲಿ ಯಾರಿರ್ತಾರೆ?” ಎಂದಿದ್ದಳು. ನೀನು “ಒದ್ದೆಮುದ್ದೆ ಆದೋರು ಕಣೇ” ಎಂದು ನಗಿಸಿದ್ದೆ. ನಿನ್ನ ಆ ಮಾತನ್ನೂ ಕವನಕ್ಕೆ ಹಾಕಿಕೊಂಡೆ.

ಪುಸ್ತಕಕ್ಕೆ ಬಹುಮಾನ ಬಂದ ದಿನ ನೀನು ಸಭೆಯಲ್ಲಿ ಎದ್ದು ನಿಂತು, “ಮಗಳ ಬಾಯಿಂದ ಕಿತ್ಕೊಂಡು ಚಪ್ಪಾಳೆ ಗಿಟ್ಟಿಸ್ತಿದೀಯಲ್ಲೇ, ನಾಚಿಕೆ ಆಗಲ್ವಾ?” ಎಂದೆ. ಆ ವಾರವೇ ನೀನು ಮನೆ ಬಿಟ್ಟೆ. ಅಷ್ಟರಲ್ಲಿ ಆ ಆಸ್ಪತ್ರೆಯ ಕವನದ ಕೊನೆಯ ಪದವನ್ನು ಅವಳ ಗೋರಿಗಲ್ಲಿನ ಮೇಲೆ ಕೆತ್ತಿಸಿಯಾಗಿತ್ತು: ಸುವನ್‌ಸೊಲಸ್, ನಿದ್ದೆಬೆಳಕು. ಅವಳು ಕೊನೆಗೆ ಆಡಿದ್ದು ಅದನ್ನೇ ಎಂದು ನಾನು ಹೇಳಿದ್ದೆ. ನೀನು ನಂಬಿದ್ದೆ.

ಅದು ಅವಳ ಮಾತಲ್ಲ, ಫಾಕ್ಟ್ನಾ. ಮಣ್ಣು ಮಾಡಿ ಬಂದ ಮೂರನೇ ವಾರ, ಕವನಕ್ಕೆ ಮುಕ್ತಾಯ ಸಿಗದೆ, ನಾನೇ ಎರಡು ಪದ ಜೋಡಿಸಿ ಕಟ್ಟಿದ್ದು.

ಅಲ್ಲಿಂದೀಚೆಗೆ ಒಂದು ಸಾಲೂ ಬರೆದಿಲ್ಲ. ಯಾವ ಪದ ಅವಳದು, ಯಾವುದು ನನ್ನದು ಎನ್ನುವುದು ನನಗೇ ಕಲಸಿಹೋಗಿದೆ. ಕಣ್ಣು ಮುಚ್ಚಿದರೆ ಅವಳ ದನಿ ಕೇಳುವುದಿಲ್ಲ, ವೇದಿಕೆಯ ಮೇಲೆ ಓದುವ ನನ್ನ ದನಿಯೇ ಕೇಳುತ್ತದೆ. ನಿನಗೆ ನೆನಪಿರುವುದನ್ನು ಬರೆದು ಕಳಿಸು ಎಂದು ಕೇಳುವ ಮುಖ ನನಗಿಲ್ಲ. ಕಲ್ಲು ಬದಲಿಸುವುದು ಬಿಡುವುದು ನಿನಗೆ ಸೇರಿದ್ದು.

ಇಂತಿ,
ಡರ್ವ್ಲಾ

ತಾ.ಕ.: ಅವಳು ನಿಜಕ್ಕೂ ಏನಂದಳೆಂದು ನೀನು ಕೇಳಿಯೇ ಕೇಳುತ್ತೀಯ. “ಅಪ್ಪ ಎಲ್ಲಿ? ಅಪ್ಪನ್ನ ಕರಿ” ಅಂದಳು. ಎರಡು ಸಲ. ಮೂರು ದಿನ ರೆಪ್ಪೆ ಮುಚ್ಚದ ನೀನು ಕೆಳಗೆ ಕಾರಿನಲ್ಲಿ ನಿದ್ದೆ ಹೋಗಿದ್ದೆ. ಎಬ್ಬಿಸಲು ಹೊರಟ ನರ್ಸನ್ನು ನಾನೇ ತಡೆದೆ. “ಬೇಡ, ಮಲಗಿರ್ಲಿ ಪಾಪ” ಎಂದೆ. ನಿನ್ನ ಮೇಲಿನ ಕನಿಕರಕ್ಕಲ್ಲ. ಆ ಗಳಿಗೆ ನನ್ನೊಬ್ಬಳದ್ದೇ ಆಗಿರಲಿ ಅನ್ನಿಸಿತ್ತು.